ಮರ್ಕ್ಯುಷಿಯೋಗೆ ಗೊತ್ತೇ ಇರಲಿಲ್ಲ

ಕಳೆದ ವಾರ ಅಕ್ಕನ ಮಗಳು ಫೋನ್ ಮಾಡಿ "ಚಿಕ್ಕಮ್ಮ, ರೋಮಿಯೋ ಜೂಲಿಯೆಟ್‌ದು ಟರ್ನಿಂಗ್ ಪಾಯಿಂಟ್ ಯಾವ್ದು, ಬೇಗ ಹೇಳು, 10 ಮಾರ್ಕ್ಸ್‌ಗೆ ಬರತ್ತೆ" ಅಂದ್ಲು. ಬಿ.ಎ. ಎರಡನೇ ವರ್ಷ, ಇಂಟರ್ನಲ್ಸ್ ಇತ್ತಂತೆ. ಗೈಡಲ್ಲಿ ಏನಿದೆ ಅಂದೆ. "3ನೇ ಅಂಕದ 1ನೇ ದೃಶ್ಯ, ಜೂಲಿಯೆಟ್ ಕಸಿನ್ ಟಿಬಾಲ್ಟ್‌ನ ರೋಮಿಯೋ ಕೊಲ್ತಾನೆ, ಅಲ್ಲಿಂದ ನಾಟಕ ಕಾಮಿಡಿಯಿಂದ ಟ್ರಾಜಿಡಿಗೆ ತಿರುಗತ್ತೆ" ಅಂತ ಓದಿದ್ಲು. ಸರಿ ಇದೆ, ಅದನ್ನೇ ಬರಿ ಅಂತ ಹೇಳಿ ಫೋನ್ ಇಟ್ಟೆ. ಇಟ್ಟಮೇಲೆ ಶುರುವಾಯ್ತು ನೋಡಿ ತಲೆಕೊರೆತ, ಸರಿ ಇದೆಯಾ ಅದು? ರಾತ್ರಿ ಊಟ ಆದ್ಮೇಲೆ ಹಳೇ ಪುಸ್ತಕ ಹುಡುಕಿ ತೆಗೆದು ಆ ಒಂದು ದೃಶ್ಯ ಮಾತ್ರ ಮೂರು ಸಲ ಓದಿದೆ, ಅದೇನು ದೊಡ್ಡದಿಲ್ಲ, ಎರಡು ನೂರು ಸಾಲಿನ ಆಸುಪಾಸು. ಈಗ ನನಗೆ ಗೈಡಿನ ಮೇಲೆ ಜಗಳ ಇದೆ, ಅದನ್ನ ಇಲ್ಲಿ ತೀರಿಸ್ಕೋತೀನಿ.

ಜಾಗ ಸರಿ ಇದೆ. ದೃಶ್ಯ ಅದೇ. ಆದ್ರೆ ತಿರುವು ಕತ್ತಿ ಹೊಕ್ಕಾಗ ಆಗಲ್ಲ, ಅದಕ್ಕಿಂತ ಕೆಲವು ನಿಮಿಷ ಮುಂಚೆ ಆಗಿಹೋಗಿರತ್ತೆ ಅನ್ನೋದು ನನ್ನ ವಾದ.

ಮೊದಲು ಆ ಮಧ್ಯಾಹ್ನದ ಬಗ್ಗೆ ಸ್ವಲ್ಪ. ಸೋಮವಾರ. ಜುಲೈ ಮಧ್ಯಭಾಗ (ಜೂಲಿಯೆಟ್ ಹುಟ್ಟಿದ್ದು ಜುಲೈ 31ರ ರಾತ್ರಿ, ಅದಕ್ಕೆ ಇನ್ನೂ ಎರಡು ವಾರದ ಮೇಲೆ ಚಿಲ್ಲರೆ ದಿನ ಇದೆ ಅಂತ ಮೊದಲನೇ ಅಂಕದಲ್ಲೇ ಅವಳ ಅಮ್ಮ, ದಾದಿ ಮಾತಲ್ಲಿ ಬರತ್ತೆ, ಆ ಹುಡುಗಿಗೆ ಇನ್ನೂ 14 ತುಂಬಿಲ್ಲ). ಇಟಲಿಯ ವೆರೋನಾದಲ್ಲಿ ಸುಡು ಬಿಸಿಲು. ಆ ಊರಲ್ಲಿ ಎರಡು ಮನೆತನಕ್ಕೆ ಹಳೇ ದ್ವೇಷ, ರೋಮಿಯೋ ಮಾಂಟೆಗ್ಯೂ ಮನೆಯವನು, ಜೂಲಿಯೆಟ್ ಕ್ಯಾಪುಲೆಟ್ ಮನೆಯವಳು. ಹಿಂದಿನ ರಾತ್ರಿ ಪಾರ್ಟಿಯಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ನೋಡಿದ್ದು, ಅದೇ ರಾತ್ರಿ ಬಾಲ್ಕನಿ, ಬೆಳಗಾಗ್ತಿದ್ದ ಹಾಗೇ ಪಾದ್ರಿ ಲಾರೆನ್ಸ್ ಹತ್ರ ಓಡಿದ್ದು, ಮಧ್ಯಾಹ್ನ ಗುಟ್ಟಾಗಿ ಮದುವೆ. ಮದುವೆ ಆಗಿ ಸುಮಾರು ಒಂದು ಗಂಟೆ ಆಗಿದೆ ಅಷ್ಟೇ. ಅಲ್ಲಿ ತನಕ ಈ ನಾಟಕದಲ್ಲಿ ಒಬ್ಬರೂ ಸತ್ತಿಲ್ಲ, ನಿಜ ಹೇಳ್ಬೇಕಂದ್ರೆ ಒಳ್ಳೇ ಕಾಮಿಡಿಗೆ ಬೇಕಾದ ಸಾಮಾನೆಲ್ಲ ಇದೆ: ಬಾಯಿಬಡುಕಿ ದಾದಿ, ಮುಖವಾಡ ಹಾಕ್ಕೊಂಡು ಶತ್ರು ಮನೆ ಊಟಕ್ಕೆ ನುಗ್ಗೋ ಹುಡುಗರು, ನಿನ್ನೆ ತನಕ ರೋಸಲೈನ್ ರೋಸಲೈನ್ ಅಂತ ಅಳ್ತಿದ್ದು ಇವತ್ತು ಬೇರೆಯವಳನ್ನ ಮದುವೆ ಆಗಿಬಿಡೋ ಹೀರೋ. ಇನ್ನೊಂದು ಎರಡು ಅಂಕ ಗಲಾಟೆ ಗೊಂದಲ ಮಾಡಿ, ಕೊನೇಲಿ ಎರಡೂ ಮನೆಯವರು ಬೀಗರಾಗಿ ಊಟಕ್ಕೆ ಕೂತ್ರು ಅಂತ ಮುಗಿಸಬಹುದಿತ್ತು. ಶುರುವಲ್ಲೇ ಒಬ್ಬ ಬಂದು ಇಬ್ಬರೂ ಸಾಯ್ತಾರೆ ಅಂತ ಹೇಳಿ ಹೋಗಿರ್ತಾನೆ ನಿಜ, ಆದ್ರೆ ಅಷ್ಟೊತ್ತಿಗೆ ನಾವೇ ಮರೆತಿರ್ತೀವಿ.

ಈಗ ಯಾರೂ ಅಷ್ಟಾಗಿ ಗಮನಿಸದ ಒಂದು ವಿಷಯ. ಆ ಬೆಳಿಗ್ಗೆ ಟಿಬಾಲ್ಟ್ ರೋಮಿಯೋ ಮನೆಗೆ ಒಂದು ಕಾಗದ ಕಳಿಸಿರ್ತಾನೆ. ಕತ್ತಿ ಹಿಡ್ಕೊಂಡು ಬಾ ಅನ್ನೋ ಸವಾಲು. ರೋಮಿಯೋ ಸ್ನೇಹಿತರು ಬೆನ್ವೋಲಿಯೋ, ಮರ್ಕ್ಯುಷಿಯೋ ಇಬ್ಬರೂ ಅದರ ಬಗ್ಗೆ ಮಾತಾಡ್ತಾರೆ. ಆದ್ರೆ ರೋಮಿಯೋ ರಾತ್ರಿಯೆಲ್ಲ ಮನೆಗೇ ಹೋಗಿಲ್ವಲ್ಲ, ತೋಟದಿಂದ ಸೀದಾ ಪಾದ್ರಿ ಹತ್ರ ಹೋಗಿದಾನೆ. ಆ ಕಾಗದ ಅವನು ನೋಡಿದ ಅನ್ನೋ ಮಾತು ನಾಟಕದಲ್ಲಿ ಎಲ್ಲೂ ಬರಲ್ಲ. ತಲುಪದ ಕಾಗದ ಅಂದ್ರೆ ಎಲ್ಲರೂ ಐದನೇ ಅಂಕದ್ದನ್ನೇ ಹೇಳ್ತಾರೆ, ಜೂಲಿಯೆಟ್ ಸತ್ತಿಲ್ಲ, ಸತ್ತ ಹಾಗೆ ಮಲಗಿದಾಳೆ ಅಂತ ಊರು ಬಿಟ್ಟ ರೋಮಿಯೋಗೆ ತಿಳಿಸೋ ಕಾಗದ ಒಯ್ತಿದ್ದ ಪಾದ್ರಿ ಜಾನ್‌ನ ಪ್ಲೇಗ್ ಅನುಮಾನಕ್ಕೆ ಒಂದು ಮನೆಯೊಳಗೆ ಕೂಡಿಹಾಕಿಬಿಡ್ತಾರೆ, ಕಾಗದ ಮಾಂಟುವಾಗೆ ಹೋಗೋದೇ ಇಲ್ಲ, ಅದರಿಂದ ಎಲ್ಲಾ ಹಾಳಾಯ್ತು ಅಂತ. ಅದು ಎರಡನೇ ಕಾಗದ ಕಣ್ರೀ. ಮೊದಲನೇದು ಇಲ್ಲೇ ಊರೊಳಗೇ ಕಳೆದುಹೋಗಿತ್ತು.

ದೃಶ್ಯ ಶುರುವಾಗೋದೇ ಬೆನ್ವೋಲಿಯೋ ಮಾತಿಂದ. "ಬಿಸಿಲು ಜಾಸ್ತಿ ಇದೆ, ಕ್ಯಾಪುಲೆಟ್‌ನವರು ಓಡಾಡ್ತಿದಾರೆ, ಎದುರಾದ್ರೆ ಜಗಳ ತಪ್ಪಲ್ಲ, ಮನೆಗೆ ಹೋಗೋಣ ಬಾ" ಅಂತಾನೆ. ಎಷ್ಟು ಮಾಮೂಲಿ ಮಾತು ನೋಡಿ. ಅದಕ್ಕೆ ಮರ್ಕ್ಯುಷಿಯೋ ಅವನನ್ನೇ ರೇಗಿಸೋಕೆ ಶುರು ಮಾಡ್ತಾನೆ, ನೀನೇ ದೊಡ್ಡ ಜಗಳಗಂಟ ಅಂತ: ಗಡ್ಡದಲ್ಲಿ ಒಂದು ಕೂದಲು ಹೆಚ್ಚೋ ಕಮ್ಮಿಯೋ ಇದ್ರೆ ಜಗಳ, ಬೀದೀಲಿ ಯಾರೋ ಕೆಮ್ಮಿದಾಗ ಬಿಸಿಲಲ್ಲಿ ಮಲಗಿದ್ದ ನಿನ್ನ ನಾಯಿ ಎದ್ದುಬಿಡ್ತು ಅಂತ ಜಗಳ, ಹಬ್ಬಕ್ಕೆ ಮುಂಚೆ ಟೈಲರ್ ಹೊಸ ಬಟ್ಟೆ ಹಾಕ್ಕೊಂಡ ಅಂತ ಜಗಳ. ಬೆನ್ವೋಲಿಯೋ ಇಡೀ ನಾಟಕದಲ್ಲೇ ಅತಿ ಸಾಧು ಪ್ರಾಣಿ. ಮರ್ಕ್ಯುಷಿಯೋ ತನ್ನನ್ನೇ ಕನ್ನಡಿಯಲ್ಲಿ ನೋಡ್ಕೊಂಡು ಬೈತಿದಾನೆ, ಅದು ಅವನಿಗೂ ಗೊತ್ತಿದೆ ಅನ್ಸತ್ತೆ.

ಆಮೇಲೆ ಟಿಬಾಲ್ಟ್ ಬರ್ತಾನೆ. ಅವನು ಬಂದಿರೋದು ರೋಮಿಯೋನ ಹುಡುಕ್ಕೊಂಡು, ಇವರ ಹತ್ರ ಒಂಥರಾ ಮರ್ಯಾದೆಯಿಂದಾನೇ ಒಂದು ಮಾತಿದೆ ಅಂತಾನೆ. ಬರೀ ಮಾತಾ, ಜೊತೆಗೆ ಒಂದು ಏಟೂ ಸೇರಿಸು ಅಂತಾನೆ ಮರ್ಕ್ಯುಷಿಯೋ. ನೀನು ರೋಮಿಯೋ ಜೊತೆಗಾರ ಅಲ್ವಾ ಅಂದ್ರೆ, ಆ ಪದವನ್ನೇ ಹಿಡ್ಕೊಂಡು ಏನು ನಮ್ಮನ್ನ ವಾದ್ಯದವರು ಅನ್ಕೊಂಡ್ಯಾ, ಇಲ್ಲಿದೆ ನೋಡು ನನ್ನ ಪಿಟೀಲು ಕಮಾನು ಅಂತ ಕತ್ತಿ ತೋರಿಸ್ತಾನೆ. ಮೈಮೇಲೆ ಬಿದ್ದು ಜಗಳ ತೆಗೀತಿರೋದು ಇವನೇ.

ಅಷ್ಟೊತ್ತಿಗೆ ರೋಮಿಯೋ ಬರ್ತಾನೆ, ತಾಳಿ ಕಟ್ಟಿ (ಅಂದ್ರೆ ಅವರ ಥರದಲ್ಲಿ) ಸೀದಾ ಬರ್ತಿದಾನೆ, ಮುಖದಲ್ಲಿ ಇನ್ನೂ ಆ ಖುಷಿ ಇರ್ಬೇಕು. ಟಿಬಾಲ್ಟ್ ಎಲ್ಲರ ಎದುರು "ನೀನೊಬ್ಬ ನೀಚ" ಅಂತಾನೆ. ಆ ಊರಲ್ಲಿ ಆ ಕಾಲದಲ್ಲಿ ಈ ಮಾತಿಗೆ ಒಂದೇ ಉತ್ತರ, ಕತ್ತಿ.

ರೋಮಿಯೋ ಏನಂತಾನೆ ಗೊತ್ತಾ? ಇದನ್ನ ನಿಧಾನವಾಗಿ ಓದಿ. ಟಿಬಾಲ್ಟ್, ನಿನ್ನನ್ನ ಪ್ರೀತಿಸೋಕೆ ನನಗೊಂದು ಕಾರಣ ಇದೆ, ಅದಕ್ಕೇ ಈ ಮಾತಿಗೆ ಬರಬೇಕಾದ ಸಿಟ್ಟು ನನಗೆ ಬರ್ತಿಲ್ಲ, ನಾನು ನೀಚ ಅಲ್ಲ, ಬರ್ತೀನಿ, ನಾನು ಯಾರು ಅಂತ ನಿನಗೆ ಗೊತ್ತಿಲ್ಲ. ಟಿಬಾಲ್ಟ್ ಬಿಡಲ್ಲ, ತೆಗಿ ಕತ್ತಿ ಅಂತಾನೆ. ಮತ್ತೆ ಇವನು, ನಿನಗೆ ನಾನು ಯಾವತ್ತೂ ಕೆಟ್ಟದ್ದು ಮಾಡಿಲ್ಲ, ಕಾರಣ ಗೊತ್ತಾಗೋ ತನಕ ನಿನಗೆ ಊಹೆ ಮಾಡೋಕೂ ಆಗದಷ್ಟು ನಿನ್ನ ಮೇಲೆ ಪ್ರೀತಿ ಇದೆ, ಕ್ಯಾಪುಲೆಟ್ ಅನ್ನೋ ಹೆಸರು ನನಗೆ ನನ್ನ ಹೆಸರಷ್ಟೇ ಇಷ್ಟ, ಸಮಾಧಾನ ಮಾಡ್ಕೋ.

ತಿರುವು ಇದೇ ಅಂತೀನಿ ನಾನು. ಎರಡು ಸಲ "ಕಾರಣ" ಅಂತಾನೆ, ಎರಡು ಸಲಾನೂ ಕಾರಣ ಹೇಳಲ್ಲ.

ನಮ್ಮ ಸಂಬಂಧದ ಲೆಕ್ಕದಲ್ಲಿ ನೋಡಿದ್ರೆ ಇದು ಇನ್ನೂ ಮಜಾ ಇದೆ. ಟಿಬಾಲ್ಟ್ ಅಂದ್ರೆ ಜೂಲಿಯೆಟ್ ಅಮ್ಮನ ಅಣ್ಣನೋ ತಮ್ಮನೋ ಯಾರೋ ಒಬ್ಬರ ಮಗ, ಅಂದ್ರೆ ಸೋದರಮಾವನ ಮಗ. ನಮ್ಮ ಕಡೆ ಆಗಿದ್ರೆ ಇವನೇ ವರ, ನಾಟಕಾನೇ ಇರ್ತಿರಲಿಲ್ಲ. ಹೋಗ್ಲಿ ಬಿಡಿ, ಆ ಹುಡುಗಿಯನ್ನ ರೋಮಿಯೋ ಮದುವೆ ಆದ ಅಂದ್ರೆ ಟಿಬಾಲ್ಟ್ ಅವನಿಗೆ ವಾವೆಯಲ್ಲಿ ಅಣ್ಣ ತಮ್ಮ ಆಗ್ಬೇಕು. ರೋಮಿಯೋ ಮಾತಾಡ್ತಿರೋದು ಆ ನಂಟಸ್ತಿಕೆಯ ಮಾತು, ಒಂದು ಗಂಟೆ ಹಿಂದೆ ಹುಟ್ಟಿದ ನಂಟಸ್ತಿಕೆ. ಆದ್ರೆ ಅಲ್ಲಿ ನಿಂತಿರೋ ಒಬ್ಬರಿಗೂ ಅದು ಗೊತ್ತಿಲ್ಲ. ಟಿಬಾಲ್ಟ್‌ಗೆ ಇದು ಗೇಲಿ ಥರ ಕೇಳಿರತ್ತೆ, ನಿನ್ನೆ ನಮ್ಮನೆ ಪಾರ್ಟಿಗೆ ಕದ್ದು ನುಗ್ಗಿದೋನು ಇವತ್ತು ಪ್ರೀತಿ ಗೀತಿ ಅಂತಿದಾನೆ ಅಂತ. ಮರ್ಕ್ಯುಷಿಯೋಗೆ ಪುಕ್ಕಲುತನ ಥರ ಕೇಳಿಸತ್ತೆ. ಥೂ, ಇದೆಂಥಾ ಮಾನಗೆಟ್ಟ ಶರಣಾಗತಿ ಅಂತ ಉರಿದುಬಿದ್ದು ತಾನೇ ಕತ್ತಿ ತೆಗೀತಾನೆ. ಫ್ರೆಂಡಿನ ಮಾನ ಉಳಿಸೋಕೆ.

ಇಲ್ಲಿ ನನಗೆ ಪ್ರತಿಸಲ ಹೊಟ್ಟೆ ಹಿಂಡೋದು ಏನು ಅಂದ್ರೆ, ಮರ್ಕ್ಯುಷಿಯೋಗೆ ಜೂಲಿಯೆಟ್ ವಿಷಯಾನೇ ಗೊತ್ತಿಲ್ಲ. ಹಿಂದಿನ ರಾತ್ರಿ ತೋಟದ ಗೋಡೆ ಆಚೆ ನಿಂತು ರೋಮಿಯೋನ ಕರೆಯುವಾಗಲೂ ಅವನು ರೋಸಲೈನ್ ಹೆಸರು ಹೇಳಿಯೇ ತಮಾಷೆ ಮಾಡ್ತಿದ್ದ. ಬೆಳಿಗ್ಗೆ ಸಿಕ್ಕಾಗ ಇಬ್ಬರೂ ಹೊಟ್ಟೆ ತುಂಬಾ ನಗ್ತಾರೆ, ಮಾತಿಗೆ ಮಾತು ಕೊಡ್ತಾರೆ, ಮರ್ಕ್ಯುಷಿಯೋ ಈಗ ನೀನು ನಮ್ಮ ರೋಮಿಯೋ ಥರ ಆದೆ ನೋಡು ಅಂತ ಖುಷಿಪಡ್ತಾನೆ, ಆಗಲೂ ರೋಮಿಯೋ ಒಂದು ಮಾತು ಬಾಯಿ ಬಿಡಲ್ಲ. ದಾದಿಗೆ ಗೊತ್ತು, ಪಾದ್ರಿಗೆ ಗೊತ್ತು, ಹಗ್ಗದ ಏಣಿ ತಂದುಕೊಡೋ ಆಳಿಗೂ ಏನೋ ವಾಸನೆ ಬಡಿದಿರತ್ತೆ, ಪ್ರಾಣ ಸ್ನೇಹಿತನಿಗೆ ಮಾತ್ರ ಗೊತ್ತಿಲ್ಲ. ಅವನು ಸಾಯೋದೂ ಹಾಗೇ, ತಾನು ಯಾವುದಕ್ಕೆ ಸಾಯ್ತಿದೀನಿ ಅಂತ ತಿಳಿಯದೇ.

ಸಾಯೋ ರೀತಿಯಾದ್ರೂ ನೋಡಿ. ರೋಮಿಯೋ ಜಗಳ ಬಿಡಿಸೋಕೆ ಮಧ್ಯೆ ನುಗ್ತಾನೆ, ಅವನ ತೋಳಿನ ಕೆಳಗಿಂದ ಟಿಬಾಲ್ಟ್ ಕತ್ತಿ ತೂರಿಸ್ತಾನೆ. 1597ರ ಮೊದಲನೇ ಮುದ್ರಣದಲ್ಲಿ ರಂಗಸೂಚನೆ ಹಾಗೇ ಇದೆ, ರೋಮಿಯೋ ತೋಳಿನ ಅಡಿಯಿಂದ ಚುಚ್ಚಿ ಓಡಿಹೋಗ್ತಾನೆ ಅಂತ. ಕಾಪಾಡೋಕೆ ಅಡ್ಡ ಹಿಡಿದ ಕೈಯೇ ಮರೆಯಾಗಿಹೋಯ್ತು. ಮರ್ಕ್ಯುಷಿಯೋ ಕೇಳೋದೂ ಅದನ್ನೇ, ಯಾಕಯ್ಯಾ ನಮ್ಮಿಬ್ಬರ ಮಧ್ಯೆ ಬಂದೆ, ನಿನ್ನ ತೋಳಿನ ಕೆಳಗೆ ನನಗೆ ಏಟು ಬಿತ್ತು ಅಂತ. ಅದಕ್ಕೆ ರೋಮಿಯೋ "ಒಳ್ಳೇದಾಗ್ಲಿ ಅಂತ ಮಾಡಿದೆ" ಅಂತಾನೆ. ಇಡೀ ನಾಟಕದಲ್ಲಿ ಇಷ್ಟು ಬಡಪಾಯಿ ಸಾಲು ಇನ್ನೊಂದಿಲ್ಲ. ಕವಿತೆ ಇಲ್ಲ, ಚಂದ್ರ ನಕ್ಷತ್ರ ಇಲ್ಲ, ಬೈಕಲ್ಲಿ ಯಾರಿಗೋ ಗುದ್ದಿದ ಹುಡುಗ ಪೊಲೀಸಿಗೆ ಹೇಳೋ ಥರ ಇದೆ.

ಗಾಯ ಎಷ್ಟಿದೆ ಅಂದ್ರೆ ಬಾವಿಯಷ್ಟು ಆಳ ಇಲ್ಲ, ಚರ್ಚ್ ಬಾಗಿಲಷ್ಟು ಅಗಲ ಇಲ್ಲ, ಆದ್ರೆ ಸಾಕು ಅಂತಾನೆ ಮರ್ಕ್ಯುಷಿಯೋ. ನಾಳೆ ಬಂದು ಕೇಳು, ಗ್ರೇವ್ ಮನುಷ್ಯ ಆಗಿರ್ತೀನಿ ಅಂತಾನೆ, ಗಂಭೀರ ಅಂತಾನೂ ಆಯ್ತು, ಗೋರಿ ಅಂತಾನೂ ಆಯ್ತು. ಇದನ್ನ ಕನ್ನಡಕ್ಕೆ ತರೋಕೆ ಆ ರಾತ್ರಿ ತುಂಬಾ ಒದ್ದಾಡಿದೆ. "ನಾಳೆ ಬಂದು ನೋಡು, ಪಕ್ಕಾ ಮಣ್ಣಿನ ಮಗ ಆಗಿರ್ತೀನಿ" ಅಂತ ಒಂದು ಹೊಳೀತು, ಬಹಳ ಖುಷಿಯಾಯ್ತು, ಆಮೇಲೆ ನಮ್ಮ ರಾಜ್ಯದಲ್ಲಿ ಹಾಗಂದ್ರೆ ಜನಕ್ಕೆ ಯಾರ ನೆನಪಾಗತ್ತೆ ಅಂತ ಯೋಚಿಸಿ ಕೈಬಿಟ್ಟೆ. ತಮಾಷೆ ಮಾಡ್ತಾನೇ ಎರಡೂ ಮನೆತನಕ್ಕೆ ಪ್ಲೇಗ್ ಬಡೀಲಿ ಅಂತ ಶಾಪ ಹಾಕ್ತಾನೆ. ಕೊನೆಗೆ ನಿಜವಾಗಿ ಪ್ಲೇಗೇ ಆ ಎರಡನೇ ಕಾಗದವನ್ನ ತಡೆಯೋದು ಅಂತ ನೆನಪಾದಾಗ ಸ್ವಲ್ಪ ಮೈ ಜುಂ ಅನ್ನತ್ತೆ.

ಇನ್ನೊಂದು ವಿಷಯ ಹೇಳ್ಬೇಕು, ಇದು ನನ್ನ ವಾದಕ್ಕೆ ಬಲ ಕೊಡೋ ಪಾಯಿಂಟು. ಶೇಕ್ಸ್‌ಪಿಯರ್ ಈ ಕಥೆಯನ್ನ ಆರ್ಥರ್ ಬ್ರೂಕ್ ಅನ್ನೋನು 1562ರಲ್ಲಿ ಬರೆದ ಒಂದು ಉದ್ದದ ಪದ್ಯದಿಂದ ಎತ್ತಿದ್ದು. ಅದರಲ್ಲಿ ಮರ್ಕ್ಯುಷಿಯೋ ಪಾರ್ಟಿಯಲ್ಲಿ ಜೂಲಿಯೆಟ್ ಪಕ್ಕ ಕೂತ್ಕೊಳ್ಳೋ, ಕೈ ಮಂಜಿನ ಥರ ತಣ್ಣಗಿರೋ ಒಬ್ಬ ಆಸಾಮಿ, ಅಷ್ಟೇ. ಅವನು ಸಾಯೋದೇ ಇಲ್ಲ. ಮದುವೆಯಾದ ಮೇಲೆ ಗಂಡ ಹೆಂಡತಿ ಒಂದೆರಡು ತಿಂಗಳು ಕದ್ದುಮುಚ್ಚಿ ಸುಖವಾಗಿರ್ತಾರೆ, ಆಮೇಲೆ ಈಸ್ಟರ್ ಹೊತ್ತಿಗೆ ಒಂದು ಬೀದಿ ಜಗಳ ಆಗತ್ತೆ, ಬಿಡಿಸೋಕೆ ಹೋದ ಹುಡುಗನ ಮೇಲೆ ಟಿಬಾಲ್ಟ್ ಏರಿ ಬರ್ತಾನೆ, ಇವನು ತಿರುಗಿ ಹೊಡೆದಾಗ ಅವನು ಸಾಯ್ತಾನೆ. ಆತ್ಮರಕ್ಷಣೆ, ಹೆಚ್ಚುಕಮ್ಮಿ. ಶೇಕ್ಸ್‌ಪಿಯರ್ ಆ ತಿಂಗಳುಗಳನ್ನ ಒಂದು ಗಂಟೆ ಮಾಡ್ದ, ಮಧ್ಯಕ್ಕೆ ಒಬ್ಬ ಸ್ನೇಹಿತನನ್ನ ತಂದು ನಿಲ್ಲಿಸ್ದ, ಅವನಿಗೆ ಗುಟ್ಟು ಹೇಳದೇ ಇಟ್ಟ. ಜಗಳವೊಂದೇ ಸಾಕಾಗಿದ್ದಿದ್ರೆ ಬ್ರೂಕ್ ಹತ್ರಾನೇ ಅದು ಇತ್ತಲ್ಲ. ಮರ್ಕ್ಯುಷಿಯೋನ ಮೂರನೇ ಅಂಕದಲ್ಲಿ ಕೊಲ್ಲದೇ ಇದ್ದಿದ್ರೆ ಅವನೇ ನನ್ನನ್ನ ಕೊಲ್ತಿದ್ದ ಅಂತ ಶೇಕ್ಸ್‌ಪಿಯರ್ ಹೇಳಿದ್ದ ಅಂತ ಕವಿ ಡ್ರೈಡನ್ 1672ರಲ್ಲಿ ಬರೀತಾನೆ, ಅಷ್ಟು ಚೆನ್ನಾಗಿ ಬೆಳೀತಿದ್ದ ಪಾತ್ರ ಅಂತ. ಒಳ್ಳೇ ಕಥೆ, ಆದ್ರೆ ನನಗೆ ಒಪ್ಪಿಗೆ ಇಲ್ಲ. ಕೊಲ್ಲೋಕೆ ಅಂತಾನೇ ಬೆಳೆಸಿದ್ದು ಅವನನ್ನ.

ಇದನ್ನ ಓದುವಾಗ ಶಾಕುಂತಲ ನೆನಪಾಯ್ತು, ದಾರಿ ತಪ್ತಿದೀನಿ, ಎರಡೇ ಮಾತು. ಮಹಾಭಾರತದಲ್ಲಿ ದೂರ್ವಾಸನ ಶಾಪಾನೂ ಇಲ್ಲ, ಉಂಗುರಾನೂ ಇಲ್ಲ, ದುಷ್ಯಂತ ಗೊತ್ತಿದ್ದೂ ಗೊತ್ತಿಲ್ಲ ಅಂತಾನೆ. ಕಾಳಿದಾಸ ಶಾಪ ತಂದು ಸೇರಿಸಿದ, ಜೊತೆಗೆ ಇನ್ನೊಂದು ಮಾಡಿದ: ಶಾಪ ಬಿದ್ದಿದ್ದು ಗೆಳತಿಯರಿಬ್ಬರಿಗೂ ಗೊತ್ತು, ಶಕುಂತಲೆಗೆ ಮಾತ್ರ ಹೇಳಲ್ಲ. ಮೃದು ಮನಸ್ಸಿನವಳು, ಯಾಕೆ ನೋಯಿಸೋದು ಅಂತ. ಅಲ್ಲೂ ಒಳ್ಳೇದಾಗ್ಲಿ ಅಂತ ಮಾಡಿದ್ದೇ. ಕಾಳಿದಾಸನಿಗೆ ಉಂಗುರ ವಾಪಸ್ ತಂದುಕೊಡೋಕೆ ಒಂದು ಮೀನು ಇತ್ತು, ವೆರೋನಾದಲ್ಲಿ ಮೀನು ಇಲ್ಲ.

ಮಾರನೇ ದಿನ ಇದನ್ನೆಲ್ಲ ಅಕ್ಕನ ಮಗಳಿಗೆ ಹೇಳಿದೆ. ಅವಳು ಸುಮ್ನೆ ಕೇಳೋ ಪೈಕಿ ಅಲ್ಲ. "ಚಿಕ್ಕಮ್ಮ, ನಾನು ನಿಮ್ಮ ಹುಡುಗೀನ ಮದುವೆಯಾಗಿದೀನಿ ಅಂತ ಹೇಳಿದ್ರೆ ಟಿಬಾಲ್ಟ್ ಅಲ್ಲೇ ಅವನನ್ನ ಸಿಗಿದುಹಾಕ್ತಿದ್ದ" ಅಂದ್ಲು. ಹೌದು, ಹಾಕ್ತಿದ್ದ ಅಂತಾನೇ ನನಗೂ ಅನ್ಸತ್ತೆ. ಅದಕ್ಕೇ ಇದನ್ನ ರೋಮಿಯೋ ಮಾಡಿದ ತಪ್ಪು ಅಂತ ನಾನು ಕರೀತಿಲ್ಲ. ಎರಡು ಮನೆ ಒಂದಾಗತ್ತೆ ಅನ್ನೋ ಆಸೆಗೇ ಪಾದ್ರಿ ಈ ಮದುವೆ ಮಾಡಿಸಿದ್ದು, ಆದ್ರೆ ಬಚ್ಚಿಟ್ಟ ಮದುವೆ ಯಾರನ್ನ ಒಂದು ಮಾಡತ್ತೆ ಹೇಳಿ? ಹೇಳಿದ್ರೆ ಸಾಯ್ತಾನೆ, ಹೇಳದಿದ್ರೆ ಸ್ನೇಹಿತ ಸಾಯ್ತಾನೆ. ಅರ್ಧ ಹೇಳಿದ ಪಾಪ. ಪೂರ್ತಿ ಸುಮ್ನಿದ್ದು ಹೊರಟುಹೋಗಿದ್ರೂ ಏನೋ ಆಗ್ತಿತ್ತು, ಆ ಅರ್ಧ ಮಾತೇ ಎಲ್ಲರ ತಲೆ ಕೆಡಿಸಿದ್ದು.

ಗೈಡಿನವರು ಹೇಳೋ ಜಾಗ ಇದಾದ ಮೇಲೆ ಬರತ್ತೆ. ಜೂಲಿಯೆಟ್, ನಿನ್ನ ಚೆಲುವು ನನ್ನನ್ನ ಹೆಣ್ಣಿಗ ಮಾಡಿಬಿಡ್ತು ಅಂತ ರೋಮಿಯೋ ಹಲುಬ್ತಾನೆ, ಮರ್ಕ್ಯುಷಿಯೋ ಸತ್ತ ಅಂತ ಬೆನ್ವೋಲಿಯೋ ಬಂದು ಹೇಳ್ತಾನೆ, ಟಿಬಾಲ್ಟ್ ವಾಪಸ್ ಬರ್ತಾನೆ (ಯಾಕೆ ಬಂದ ಅಂತ ನನಗೆ ಇವತ್ತಿಗೂ ಅರ್ಥ ಆಗಿಲ್ಲ, ಓಡಿಹೋಗಿದ್ದ ತಾನೆ), ರೋಮಿಯೋ ಅವನನ್ನ ಕೊಂದೇಬಿಡ್ತಾನೆ. ಕೊಂದ ಮೇಲೆ ಅಯ್ಯೋ ನಾನು ವಿಧಿಯ ಕೈಗೊಂಬೆ ಅಂತಾನೆ. ವಿಧಿಯೂ ಇಲ್ಲ ಮಣ್ಣೂ ಇಲ್ಲ, ಇದೊಂದು ಕೆಲಸ ಮಾತ್ರ ಅವನು ಪೂರ್ತಿ ಗೊತ್ತಿದ್ದು ಮಾಡಿದ್ದು. ಆದ್ರೆ ಸ್ನೇಹಿತ ನನ್ನಿಂದ ಸತ್ತ ಅಂತ ಗೊತ್ತಾದ ಮೇಲೆ ಆ ವಯಸ್ಸಿನ ಹುಡುಗ ಬೇರೆ ಏನು ಮಾಡ್ತಾನೆ, ಅದು ಇಳಿಜಾರಿಗೆ ಬಿಟ್ಟ ಗಾಡಿ.

ಆಮೇಲೆ ವಿಚಾರಣೆ. ರಾಜ ಬರ್ತಾನೆ, ನೋಡಿದ್ದು ಹೇಳು ಅಂತ ಬೆನ್ವೋಲಿಯೋನ ಕೇಳ್ತಾನೆ. ಬೆನ್ವೋಲಿಯೋ ಚೆನ್ನಾಗೇ ಹೇಳ್ತಾನೆ, ಮೊದಲು ಕತ್ತಿ ತೆಗೆದದ್ದು ಮರ್ಕ್ಯುಷಿಯೋ ಅನ್ನೋದನ್ನ ಮಾತ್ರ ನುಂಗ್ಕೊಂಡು. ಜೂಲಿಯೆಟ್ ಅಮ್ಮ ಇವನು ಮಾಂಟೆಗ್ಯೂ ನೆಂಟ, ಸುಳ್ಳು ಹೇಳ್ತಿದಾನೆ, 20 ಜನ ಸೇರಿ ಒಬ್ಬನ್ನ ಕೊಂದ್ರು ಅಂತ ಕೂಗಾಡ್ತಾಳೆ. ಮತ್ತೆ ಬೀದಿ ಜಗಳ ಆದ್ರೆ ತಲೆ ತೆಗೀತೀನಿ ಅಂತ ರಾಜ ಮೊದಲೇ ಹೇಳಿದ್ದ, ಈಗ ಗಡಿಪಾರಿಗೆ ಇಳಿಸ್ತಾನೆ. ಸತ್ತ ಮರ್ಕ್ಯುಷಿಯೋ ರಾಜನ ಸಂಬಂಧಿಕ ಬೇರೆ. ಇಡೀ ಕೇಸಿನ ಮುಖ್ಯ ಸಾಕ್ಷಿ, ಅಂದ್ರೆ ಕೊಂದೋನು ಸತ್ತೋನಿಗೆ ನೆಂಟ ಅನ್ನೋದು, ತೀರ್ಪು ಕೊಟ್ಟೋನಿಗೂ ಗೊತ್ತಿಲ್ಲ, ಸಾಕ್ಷಿ ಹೇಳಿದೋನಿಗೂ ಗೊತ್ತಿಲ್ಲ.

ಒಂದ್ಸಲ ಇದನ್ನ ಹಿಡಿದ್ರೆ ಉಳಿದ ನಾಟಕ ಪೂರ್ತಿ ಇದೇ ಮಾದರಿಯಲ್ಲಿ ಕಾಣತ್ತೆ. ಮಂಗಳವಾರ ಬೆಳಿಗ್ಗೆ ಜೂಲಿಯೆಟ್ ಅಳ್ತಿರೋದು ಗಂಡ ಊರು ಬಿಟ್ಟ ಅಂತ, ಮನೆಯವರಿಗೆ ಕಾಣೋದು ಟಿಬಾಲ್ಟ್‌ಗೋಸ್ಕರ ಅಳ್ತಿದಾಳೆ ಅಂತ. ಅಮ್ಮನ ಎದುರು ಅವಳು ಆಡೋ ಮಾತು ಓದಿ ನೋಡಿ, ಅಮ್ಮನಿಗೆ ರೋಮಿಯೋ ಸಾಯ್ಲಿ ಅಂತ ಕೇಳ್ಬೇಕು, ನಮಗೆ ಅವನಿಗೋಸ್ಕರ ಜೀವ ಹೋಗ್ತಿದೆ ಅಂತ ಕೇಳ್ಬೇಕು, ಆ ಥರ ಎರಡು ಬಾಯಲ್ಲಿ ಮಾತಾಡ್ತಾಳೆ. ಬೀದೀಲಿ ಗಂಡ ಆಡಿದ ಅರ್ಧ ಮಾತನ್ನ ಮನೇಲಿ ಹೆಂಡತಿ ಮುಂದುವರಿಸಿದ ಹಾಗೆ. ಇಷ್ಟು ಅತ್ರೆ ಹುಡುಗಿಗೆ ಒಳ್ಳೇದಲ್ಲ ಅಂತ ಅಪ್ಪ ಪ್ಯಾರಿಸ್ ಅನ್ನೋ ವರನ ಜೊತೆ ಗುರುವಾರಕ್ಕೆ ಮದುವೆ ಇಡ್ತಾನೆ, ಆಮೇಲೆ ಅದನ್ನೂ ಬುಧವಾರಕ್ಕೆ ಎಳೀತಾನೆ. ಗುರುವಾರ ಬೆಳಕು ಹರಿಯೋ ಹೊತ್ತಿಗೆ ಗೋರಿಯಲ್ಲಿ ಪ್ಯಾರಿಸ್ ಸೇರಿ ಮೂರು ಹೊಸ ಹೆಣ.

ಅಕ್ಕನ ಮಗಳು ಕೊನೆಗೆ ಗೈಡಲ್ಲಿದ್ದಿದ್ದನ್ನೇ ಬರೆದ್ಲಂತೆ, ಇದೆಲ್ಲ ಬರೆಯೋಕೆ ಟೈಮ್ ಎಲ್ಲಿತ್ತು ಅಂತ. 10ಕ್ಕೆ 7 ಬಂತು. ಆದ್ರೆ ನಿನ್ನೆ ರಾತ್ರಿ ಹನ್ನೊಂದು ಗಂಟೆಗೆ ವಾಟ್ಸಾಪ್ ಮಾಡಿದ್ಲು, "ಚಿಕ್ಕಮ್ಮ, ಈ ಬೆನ್ವೋಲಿಯೋ ಆಮೇಲೆ ಎಲ್ಲಿಗೆ ಹೋದ? ಹುಡುಕ್ತಾನೇ ಇದೀನಿ, ಸಿಗ್ತಿಲ್ಲ" ಅಂತ.

ನಾನೂ ಮತ್ತೆ ಎದ್ದು ಲೈಟ್ ಹಾಕಿ ನೋಡಿದೆ. ಆ ಸಾಕ್ಷಿ ಹೇಳಿದ್ಮೇಲೆ ಅವನು ಒಂದು ದೃಶ್ಯದಲ್ಲೂ ಬರಲ್ಲ, ಕೊನೇಲಿ ಗೋರಿ ಹತ್ರ ಇಡೀ ಊರೇ ಸೇರಿದಾಗಲೂ ಇಲ್ಲ. ಮನೆಗೆ ಹೋಗಿರ್ಬೇಕು ಕಣೇ, ಅವನು ಮೊದಲೇ ಹೇಳಿದ್ದ, ಬಿಸಿಲು ಜಾಸ್ತಿ ಇದೆ ಅಂತ.